ಬಣ್ಣ ಹಚ್ಚದ ಲಾರಿ

ಮುಚ್ಚಳ ಎಬ್ಬಿಸಿದಾಗಿನಿಂದ ಮೂಗಿನಲ್ಲೇ ಕೂತಿದೆ ಈ ವಾಸನೆ, ಕೆಂಪು ಬಣ್ಣದ್ದು, ಕೆಂಪಿಗೇ ಒಂದು ವಾಸನೆ, ಹಳದಿಗೇ ಒಂದು ಅಂದರೆ ಜನ ನಗುತ್ತಾರೆ, ನಗಲಿ, ಇಪ್ಪತ್ತೈದು ವರ್ಷ ಪೀಣ್ಯದ ಫೌಂಡ್ರಿಯಲ್ಲಿ ಮೂಸಿದ ಈರಪ್ಪ ಕಣ್ಣು ಮುಚ್ಚಿಕೊಂಡು ಹೇಳಬಲ್ಲ — ಹನ್ನೊಂದಕ್ಕೆಲ್ಲ ಬಳಿದು ಮುಗಿಸ್ಬಿಡಿ ಮೇಸ್ತ್ರಿ, ನಾಲ್ಕಕ್ಕೆ ಆರ್ಡರ್ ಕೊಡೋ ಮೇಡಂ ಸ್ಯಾಂಪಲ್ ನೋಡಕ್ಕೆ ಬರ್ತಾರೆ, ಅಷ್ಟೊತ್ತಿಗೆ ಒಣಗಿರ್ಬೇಕು, ಎಂದು ದೇವರಾಜ್ ಸ್ಕೂಟರ್ ಹತ್ತಿ ಹೋದ, ಒಳ್ಳೆಯವನೇ, ಮಾಕಳಿಯಲ್ಲಿ ಅಪ್ಪನ ರಾಗಿ ಹೊಲದಲ್ಲಿ ಶೆಡ್ಡು ಎಬ್ಬಿಸಿ ಮೆಷಿನ್ನು ತಂದಿಟ್ಟಿದ್ದಾನೆ, ಫೌಂಡ್ರಿಯಿಂದ ರಿಟೈರಾದವನನ್ನು ಮನೆಗೇ ಬಂದು ಕರೆದ, ಮರದ ಲಾರಿ ಮಾಡಬೇಕು ಮೇಸ್ತ್ರಿ, ಇಪ್ಪತ್ತೆರಡು ತುಂಡು, ಡಬ್ಬಿಯಲ್ಲಿ ಬಿಡಿಬಿಡಿಯಾಗಿ ಹಾಕಿ ಮಾರೋದು, ಮಕ್ಕಳು ಮನೆಯಲ್ಲಿ ಕೂತು ಜೋಡಿಸಿಕೊಳ್ತಾರೆ, ಕಿಟ್ ಅಂತಾರೆ ಅದಕ್ಕೆ. ಆಟದ ಸಾಮಾನಾ ಎಂದು ಮೊದಲು ಮುಖ ಸಿಂಡರಿಸಿದ್ದ ಈರಪ್ಪ, ಆಮೇಲೆ ತೇಗದ ಹಲಗೆಗೆ ಕೀಸುಳಿ ಹಾಕಿದ, ಒಳಗಿನ ಗೆರೆಗಳು ಒಂದೊಂದಾಗಿ ಮೇಲೆ ಬಂದವು, ಅವತ್ತಿಂದ ಇದನ್ನು ಆಟದ ಸಾಮಾನು ಅಂದಿಲ್ಲ.

ಬಣ್ಣ ಹಚ್ಚೋದೇ ಆದರೆ ತೇಗ ಯಾಕೆ ಬೇಕಿತ್ತು, ಯಾವ ಕಾಡು ಮರವಾದರೂ ಆಗುತ್ತಿತ್ತಲ್ಲ, ಎಂದು ಈಗ ಬ್ರಷ್ಷನ್ನು ಹಿಡಿದು ಅದನ್ನೇ ಕೇಳುತ್ತಿದ್ದಾನೆ. ಫೌಂಡ್ರಿಯಲ್ಲಿ ಈ ಪ್ರಶ್ನೆಯೇ ಇರಲಿಲ್ಲ, ಪಂಪಾಗಲಿ ಗೇರ್ ಬಾಕ್ಸಾಗಲಿ ಮೊದಲು ಮರದಲ್ಲಿ ಅಚ್ಚು ಮಾಡಬೇಕು, ಅದನ್ನು ಮರಳಿನಲ್ಲಿ ಒತ್ತಿ, ಎತ್ತಿ, ಆ ಗುಳಿಗೆ ಕಾದ ಕಬ್ಬಿಣ ಹುಯ್ಯಬೇಕು, ಅಚ್ಚಿಗೆ ಮೈತುಂಬ ಬಣ್ಣ, ಕೆಂಪಂದರೆ ಎರಕದ ಆ ಮೈಯನ್ನು ಹಾಗೇ ಬಿಡೋದು, ಹಳದಿಯಂದರೆ ಅದು ಮೆಷಿನ್ನಿಗೆ ಹೋಗೋದು, ಲೇ ಈರ, ಮರ ನಿಂದು ಸಾಯಂಕಾಲದ್ ಗಂಟ ಅಷ್ಟೇ ಕಣ್ಲಾ, ಬಣ್ಣ ಬಿತ್ತು ಅಂದ್ರೆ ಅದು ಮರಳಿನೋರ್ದು, ಅನ್ನುತ್ತಿದ್ದ ಕೆಲಸ ಕಲಿಸಿದ ಸೊಣ್ಣಪ್ಪ ಮೇಸ್ತ್ರಿ, ಅಂದು ಬೀಡಿ ಹಚ್ಚುತ್ತಿದ್ದ, ಎಂಥ ಕೈ ಅವನದು, ಅವನು ಕೂಡಿಸಿದ ಜಾಗ ಹುಡುಕಿದರೂ ಸಿಗುತ್ತಿರಲಿಲ್ಲ, ಹುಡುಕುವವರಾದರೂ ಯಾರು, ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಬಣ್ಣ. ಒಂದು ಆಯುಧಪೂಜೆಗೆ ಮನೆಯವರನ್ನೆಲ್ಲ ಒಳಗೆ ಬಿಟ್ಟಿದ್ದರು, ಹೆಂಡತಿ ಚನ್ನಬಸಮ್ಮ ಹೊಸ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಕುಂಕುಮ ಹಚ್ಚಿದ ದೊಡ್ಡ ಪಂಪಿನ ಮುಂದೆ ನಿಲ್ಲಿಸಿ ಇದು ನಾ ಮಾಡಿದ್ದು ನೋಡು ಅಂದ, ಅವಳು ಮುಟ್ಟಿ ನೋಡಿ, ಇದು ಕಬ್ಬಿಣ ಐತಲ್ರೀ, ನೀವು ಕಟಗಿ ಕೆಲಸದವ್ರು ಅಂತ ಅಲ್ಲೇನು ನಮ್ಮಪ್ಪ ಹೆಣ್ಣು ಕೊಟ್ಟಿದ್ದು, ಎಂದಳು, ಸುತ್ತ ಇದ್ದವರೆಲ್ಲ ನಕ್ಕರು, ಅಚ್ಚುಗಳ ಕೋಣೆಗೆ ಕರೆದೊಯ್ದರೆ ಅಲ್ಲೂ ಕೆಂಪು ಹಳದಿ ಕರಿ, ಮರ ಎಲ್ಲೈತ್ರೀ? ಎಲ್ಲಿದೆ ಎಂದು ತೋರಿಸುವುದು, ಉಗುರಿನಲ್ಲಿ ಕೆರೆದು ತೋರಿಸಲೇ? ಸಿಟ್ಟು ಬಂದಿತ್ತು, ಅವಳ ಮೇಲಲ್ಲ. ರಾಣೆಬೆನ್ನೂರಿನಿಂದ ಇಷ್ಟು ದೂರ ಕರೆತಂದು ನಾಗಸಂದ್ರದ ಒಂದು ಕೋಣೆಯ ಮನೆಯಲ್ಲಿ ಸಂಸಾರ ಹೂಡಿಸಿ, ನಾನು ಏನು ಮಾಡುತ್ತೇನೆ ಎಂದು ಒಂದು ತುಂಡು ತೋರಿಸಲಾಗಲಿಲ್ಲವಲ್ಲ.

ಈಗ ತೋರಿಸಬಹುದು, ಈ ಲಾರಿಯನ್ನು, ಹೀಗೇ, ಬರಿಮೈಯಲ್ಲಿ — ಎಂದು ಜೋಡಿಸಿ ಎತ್ತಿ ಹಿಡಿದರೆ, ಕ್ಯಾಬಿನ್ನಿನ ಬಾಗಿಲ ಪಕ್ಕದಲ್ಲಿ ಬೆಳಕು. ಕೂದಲೆಳೆಯಷ್ಟು. ಅಯ್ಯೋ, ಇದೇನು, ಈರಪ್ಪನ ಕೈಯಲ್ಲಿ ಸಂದು! ಬಾಗಿಲು ಮಾತ್ರ ದೇವರಾಜನ ಮೆಷಿನ್ನು ಕತ್ತರಿಸಿದ್ದು, ಹಾಳು ಮೆಷಿನ್ನು, ಅದಕ್ಕೇನು ಗೊತ್ತು, ಎಂದು ಬೈಯುತ್ತ ಸ್ಟೀಲ್ ಸ್ಕೇಲಿನಲ್ಲಿ ಬಾಗಿಲನ್ನು ಅಳೆದ, ನಕ್ಷೆಯಲ್ಲಿದ್ದಷ್ಟೇ ಇದೆ, ಮೂರು ಅಂಗುಲ, ಸರಿ, ಚೌಕಟ್ಟು ಅಳೆದ, ಮೂರು ಅಂಗುಲದ ಮೇಲೆ ಮುಕ್ಕಾಲು ಮಿಲಿ. ಕೈ ತಾನಾಗಿ ಜೇಬಿಗೆ ಹೋಯಿತು. ಜೇಬಿನಲ್ಲಿರುವುದು ಅಚ್ಚಿನ ಸ್ಕೇಲು, ಆರುವಾಗ ಕಬ್ಬಿಣ ಕುಗ್ಗುತ್ತದಲ್ಲ, ಅದಕ್ಕೇ ಅದರ ಅಡಿ ಎಲ್ಲರ ಅಡಿಗಿಂತ ಮೂರು ಮಿಲಿ ಉದ್ದ, ಇಪ್ಪತ್ತೈದು ವರ್ಷ ಕೈಬಿಡದ ಸ್ಕೇಲು, ಅದರಲ್ಲೇ ಅಳೆದು ಕ್ಯಾಬಿನ್ನು ಕತ್ತರಿಸಿದ್ದಾನೆ, ಮರವಾಗೇ ಉಳಿಯುವ ಮರಕ್ಕೆ ಕುಗ್ಗುವ ಕಬ್ಬಿಣದ ಲೆಕ್ಕ! ಮೆಷಿನ್ನಿಗೆ ಬೈದದ್ದು ನೆನೆದು ಕಿವಿ ಬಿಸಿಯಾಯಿತು, ಸದ್ಯ ಯಾರೂ ಕೇಳಿಸಿಕೊಳ್ಳಲಿಲ್ಲ.

ಬಳಿದುಬಿಟ್ಟರೆ ಮುಗಿಯಿತು. ಒಂದಿಷ್ಟು ಪುಟ್ಟಿ, ಎರಡು ಸಲ ಕೆಂಪು, ಸಂದೂ ಇಲ್ಲ ಬೆಳಕೂ ಇಲ್ಲ, ಯಾರಿಗ್ ಗೊತ್ತಾಗುತ್ತೆ ಬಿಡಿ ಮೇಸ್ತ್ರಿ ಅಂತಾನೆ ದೇವರಾಜ್, ನಿಜ, ಯಾರಿಗೂ ಆಗಲ್ಲ, ಇಷ್ಟು ವರ್ಷ ಯಾರಿಗೆ ಏನು ಗೊತ್ತಾಗಿದೆ, ತಪ್ಪೂ ಬಣ್ಣದ ಕೆಳಗೆ, ಒಪ್ಪವೂ ಬಣ್ಣದ ಕೆಳಗೆ — ಬ್ರಷ್ಷು ಅದ್ದಿಯೂ ಅದ್ದಿದ, ತುದಿಯಿಂದ ಒಂದು ಹನಿ ಹಳೆಯ ಪೇಪರಿನ ಮೇಲೆ ಬಿತ್ತು, ಕ್ಯಾಬಿನ್ನು ಎರಡಂಗುಲ ದೂರ, ಮತ್ತೆ ಎತ್ತಿ ಹಿಡಿದ, ಮತ್ತೆ ಆ ಬೆಳಕು. ಇಲ್ಲ. ಆಗಲ್ಲ. ಒಂದು ಸಲ, ಈ ಒಂದೇ ಒಂದು ಸಲ, ಮರ ಮರವಾಗೇ ಹೊರಗೆ ಹೋಗಲಿ. ಬ್ರಷ್ಷನ್ನು ಸೀಮೆಎಣ್ಣೆಗೆ ಅದ್ದಿಟ್ಟು, ಮುಚ್ಚಳವನ್ನು ಸುತ್ತಿಗೆಯಲ್ಲಿ ಬಡಿದು ಮುಚ್ಚಿದ, ಹೆಚ್ಚೇ ಜೋರಾಗಿ ಬಡಿದ. ಕ್ಯಾಬಿನ್ನಿನ ಹಲಗೆಯನ್ನು ಸೀಳಿದಾಗ ಉಳಿದ ಜೋಡಿ ಹೋಳು ಮೂಲೆಯಲ್ಲಿತ್ತು, ಗೆರೆಗೆ ಗೆರೆ ಅದೇ, ಅದರಲ್ಲಿ ಹೊಸ ಬಾಗಿಲು, ಅಳತೆಗೆ ಅದೇ ಜೇಬಿನ ಸ್ಕೇಲು, ನೀನೇ ಕೆಡಿಸಿದೆ ನೀನೇ ಸರಿಮಾಡು ಮಹಾರಾಯ, ನಾಳೆಯಿಂದ ನೀನು ಮನೆಯಲ್ಲೇ ಇರು. ಗರಗಸ, ಉಳಿ, ಮರಳುಕಾಗದ, ಊಟದ ಡಬ್ಬಿ ತೆರೆಯಲೇ ಇಲ್ಲ, ಒತ್ತಿದ, ಬಾಗಿಲು ಟಕ್ ಎಂದು ಕೂತಿತು. ಕಿಟಕಿಗೆ ಹಿಡಿದ. ಬೆಳಕಿಲ್ಲ. ಚೌಕಟ್ಟಿನಲ್ಲಿ ಹೊರಟ ಕಂದು ಗೆರೆ ಬಾಗಿಲನ್ನು ದಾಟಿ ಆಚೆ ಹೋಗಿದೆ, ನಡುವೆ ಏನೂ ನಡೆದೇ ಇಲ್ಲ ಅನ್ನುವ ಹಾಗೆ. ಸೊಣ್ಣಪ್ಪ ನೋಡಬೇಕಿತ್ತು. ಭೇಷ್ ಈರಪ್ಪ ಎಂದು ತನಗೆ ತಾನೇ ಗಟ್ಟಿಯಾಗಿ ಹೇಳಿಕೊಂಡ, ನಾಚಿಕೆಯಾಗಲಿಲ್ಲ.

ಇದೇನ್ ಮೇಸ್ತ್ರಿ ಬಣ್ಣ ಎಲ್ಲಿ, ಎಂದು ದೇವರಾಜ್ ಹಲ್ಲು ಕಚ್ಚಿ ಕೇಳುವಷ್ಟರಲ್ಲಿ ಮೇಡಂ ಒಳಗೆ ಬಂದೇ ಬಿಟ್ಟರು, ಕನ್ನಡಕ ಏರಿಸಿ, ಬಿಡಿಸಿ, ತಾವೇ ಕೂತು ಜೋಡಿಸಿದರು, ಇಪ್ಪತ್ತೆರಡೂ ತುಂಡು, ಕೊನೆಗೆ ಬಾಗಿಲು, ಟಕ್, ಅವರ ಹೆಬ್ಬೆರಳು ಅದೇ ಗೆರೆಯ ಮೇಲೆ ಹೋಗಿ ನಿಲ್ಲದೆ ದಾಟಿತು, ತುಂಬಾ ಚೆನ್ನಾಗಿದೆ, ಪೇಂಟ್ ಬೇಡ್ವೇ ಬೇಡ ದೇವರಾಜ್, ಹೀಗೇ ಕಳ್ಸಿ — ಗೆದ್ದೆ, ಗೆದ್ದೆ ಎಂದು ಎದೆಯೊಳಗೆ ಡೊಳ್ಳು — ಜೊತೆಗೊಂದು ಬ್ರಷ್ಷು, ನಾಲ್ಕು ಪುಟ್ಟ ಡಬ್ಬಿ ಬಣ್ಣ ಹಾಕ್ಬಿಡಿ, ಮಕ್ಕಳು ತಾವೇ ಹಚ್ಕೊಳ್ತಾರೆ, ಅವರಿಗೆ ಅದೇ ಖುಷಿ. ಹಚ್ಚಿಕೊಳ್ತಾರೆ. ನೂರಾರು ಮನೆಗಳಲ್ಲಿ, ನೀಲಿ, ಹಸಿರು, ಕೈಗೆ ಬಂದದ್ದು, ಹಚ್ಚಲಿ, ಅವರದದು, ಹಚ್ಚುವ ಮೊದಲು ಒಂದು ಗಳಿಗೆಯಾದರೂ ಮರವನ್ನು ನೋಡಲೇಬೇಕಲ್ಲ, ಸಾಕು, ಆದರೆ ಸ್ಯಾಂಪಲ್ ನಾನು ತಗೊಂಡು ಹೋಗ್ತೀನಿ ಎಂದು ಮೇಡಂ ಚೀಲ ಬಿಚ್ಚುತ್ತಿದ್ದಾರೆ, ಲಾರಿ ಎಷ್ಟೊತ್ತಿಗೆ ತನ್ನ ಕೈಗೆ ಬಂತೋ ಈರಪ್ಪನಿಗೇ ಗೊತ್ತಿಲ್ಲ, ಎರಡೂ ಕೈಯಲ್ಲಿ ಎದೆಗೆ ಒತ್ತಿಕೊಂಡಿದ್ದಾನೆ, ಕೊಡಿ ಮೇಸ್ತ್ರಿ, ಏನ್ ಮಕ್ಕಳ ಥರ, ಅನ್ನುತ್ತಿದ್ದಾನೆ ದೇವರಾಜ್, ನಾಳೆ ಇನ್ನೊಂದು ಮಾಡಿ ಕೊಡ್ತೀನ್ರೀ ಮೇಡಂ, ಇದನ್ನ ಕೊಡಂಗಿಲ್ಲ, ಇದನ್ನ ನಮ್ಮನಿಯಾಕಿಗೆ ತೋರಿಸ್ಬೇಕ್ರೀ, ಎಂದವನು ತಾನೇ, ಅವರು ಏನೋ ಹೇಳಿದರು, ನಕ್ಕರೋ ಏನೋ, ಕಿವಿಗೆ ಬೀಳಲಿಲ್ಲ, ತಲೆ ಬಗ್ಗಿಸಿ ಅದನ್ನೇ ನೋಡುತ್ತ ನಿಂತ, ಕಂದು ಗೆರೆ, ಚೌಕಟ್ಟಿನಿಂದ ಬಾಗಿಲಿಗೆ, ಬಾಗಿಲಿನಿಂದ ಆಚೆಗೆ, ಒಂದೇ ಗೆರೆ —