ಶಾಸಕಿಯ ಅಕ್ಕ

"ಇವಳಾ? ಥೂ! ಇವಳನ್ನ ನಿಲ್ಲಿಸಿದ್ರೆ ಮೊದಲನೇ ದಿನವೇ ನನ್ನ ತಲೆ ಮೇಲೆ ಹತ್ತಿ ಕೂತ್ಕೋತಾಳೆ. ಬಾಯಲ್ಲ ಅದು, ಬಚ್ಚಲು. ಹಿಂದೆ ನಿಂತಿದ್ದಾಳಲ್ಲ, ಅವಳ್ಯಾರು?"

"ತಂಗಿ, ಯಜಮಾನ್ರೆ," ಎಂದ ಮೇಸ್ತ್ರಿ.

"ಮಾತಾಡ್ತಾಳಾ?"

"ಕೇಳಿದ್ರೆ ಮಾತ್ರ."

"ಹಂಗಾದ್ರೆ ಅವಳೇ ಸರಿ. ಮುಂದೆ ಕರಿ."

ಚರ್ಮದ ಕಾರ್ಖಾನೆಯ ಯಜಮಾನ ಕುರ್ಚಿಯಿಂದ ಏಳಲಿಲ್ಲ. ಹಸಿ ತೊಗಲಿನ ರಾಶಿಯಲ್ಲಿ ತೂತಿಲ್ಲದ್ದನ್ನು ಆರಿಸುವವನಂತೆ ಅಕ್ಕತಂಗಿಯರನ್ನು ತಲೆಯಿಂದ ಕಾಲವರೆಗೆ ನೋಡಿದ. ಅವರಿಬ್ಬರೂ ಮೆಟ್ಟಿಲ ಕೆಳಗೆ ನಿಂತಿದ್ದರು. ಮೆಟ್ಟಿಲು ಹತ್ತಿ ಎಂದು ಯಾರೂ ಹೇಳಿರಲಿಲ್ಲ.

ಕಾರ್ಮಿಕರ ಸಾಲುಮನೆಗಳಲ್ಲಿ ಅವರನ್ನು ಎಲ್ಲರೂ ದೊಡ್ಡವಳು, ಚಿಕ್ಕವಳು ಎಂದೇ ಕರೆಯುತ್ತಿದ್ದರು. ಯಜಮಾನನ ಮುಂದೆ ಏನು ಹೇಳಬೇಕೆಂದು ದೊಡ್ಡವಳು ಮೂರು ದಿನದಿಂದ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು. ಆ ಅಂಗಳಕ್ಕೆ ಒಬ್ಬಳೇ ಹೋಗಲು ಮನಸ್ಸಾಗದೆ ತಂಗಿಯನ್ನು ಜೊತೆಗೆ ಕರೆದುಕೊಂಡು ಬಂದಿದ್ದಳು, ಅಷ್ಟೆ.

ಹದಿನೈದು ವರ್ಷ ಆ ಕ್ಷೇತ್ರದ ಶಾಸಕ ಯಜಮಾನನೇ ಆಗಿದ್ದ. ಈಗ ಕಾನೂನು ಬದಲಾಗಿ ಆ ಜಾಗಕ್ಕೆ ಹೆಂಗಸೇ ನಿಲ್ಲಬೇಕಾಗಿ ಬಂದಿತ್ತು. ಹೆಂಡತಿಯನ್ನು ನಿಲ್ಲಿಸೋಣವೆಂದರೆ ಸಾಲುಮನೆಗಳ ವೋಟು ಬೀಳುವಂತಿರಲಿಲ್ಲ; ಹಿಂದಿನ ವರ್ಷದ ಮುಷ್ಕರವನ್ನು ಯಾರೂ ಮರೆತಿರಲಿಲ್ಲ. ತೊಗಲು ನೆನೆಹಾಕುವ ಸುಣ್ಣದ ಗುಂಡಿಗೆ ಬರಿಗಾಲಲ್ಲಿ ಇಳಿಯುವುದಿಲ್ಲ, ಬೂಟು ಕೊಡಿ ಎಂದು ಮೂವತ್ತೆಂಟು ದಿನ ಗೇಟಿನ ಮುಂದೆ ಕೂತವರು ಅವರು. ಬೋರಲು ಹಾಕಿದ ಡ್ರಮ್ಮಿನ ಮೇಲೆ ನಿಂತು ದೊಡ್ಡವಳು ಮಾತಾಡುತ್ತಿದ್ದರೆ ಕಾವಲಿಗೆ ಬಂದ ಪೊಲೀಸರೂ ಕಿವಿಗೊಡುತ್ತಿದ್ದರು. ಅವರಲ್ಲೇ ಒಬ್ಬನ ಲಾಠಿಗೆ ಅವಳ ಮುಂದಿನ ಎರಡು ಹಲ್ಲು ಹೋದವು. ಬೂಟು ಬಂತು. ಅಂಥವಳಿರುವಾಗ ಬೇರೆ ಯಾರಿಗೆ ಕರೆ ಬರುತ್ತದೆ ಎಂದು ಸಾಲುಮನೆಯವರೆಲ್ಲ ಅಂದುಕೊಂಡಿದ್ದರು. ಅವಳೂ ಅಂದುಕೊಂಡಿದ್ದಳು.

ಚಿಕ್ಕವಳು ತಿರುಗಿ ಅಕ್ಕನ ಮುಖ ನೋಡಿದಳು. "ಅಕ್ಕ, ಏನು ಹೇಳ್ಲಿ?"

ಯಜಮಾನ ಹೊಟ್ಟೆ ಕುಲುಕಿಸಿಕೊಂಡು ನಕ್ಕ. "ನೋಡ್ದೇನೋ ಮೇಸ್ತ್ರಿ? ಕೇಳಿ ನಡೆಯೋ ಬುದ್ಧಿ ಇದೆ. ಇನ್ಮೇಲೆ ಅವಳನ್ನ ಕೇಳ್ಬೇಡ ಕಣಮ್ಮ, ನನ್ನ ಕೇಳು."

"ಹೂಂ ಅನ್ನೇ," ಎಂದಳು ದೊಡ್ಡವಳು. ಬೇಡ ಎನ್ನಬಹುದಿತ್ತು. ಎಂದಿದ್ದರೆ ತಂಗಿ ಕೇಳುತ್ತಿದ್ದಳು ಕೂಡ. ಆದರೆ ಅದಕ್ಕೆ ಹೊಟ್ಟೆಕಿಚ್ಚೇ ಕಾರಣ ಎಂದು ತಂಗಿಗೆ ಗೊತ್ತಾಗಿಬಿಡುತ್ತದೆ ಅನಿಸಿತು.

ಇಬ್ಬರೂ ಸಾಲುಮನೆಗೆ ವಾಪಸ್ಸು ನಡೆದರು. ಅವಮಾನವಾಗಿದ್ದು ಇಬ್ಬರಿಗೂ. ದೊಡ್ಡವಳ ಎದೆಯಲ್ಲಿ ಮಾತ್ರ ಒಂದೇ ಮಾತು ಮುಳ್ಳಿನಂತೆ ನಿಂತಿತು: ಆರಿಸಿದ್ದು ನನ್ನನ್ನಲ್ಲ.

ತಾಯಿ ಸತ್ತಾಗ ದೊಡ್ಡವಳಿಗೆ ಹನ್ನೊಂದು ವರ್ಷ. ಅವತ್ತಿನಿಂದ ತೊಗಲು ಹೆರೆಯುವ ಕತ್ತಿ ಹಿಡಿದಳು. ಚಿಕ್ಕವಳನ್ನು ಏಳನೇ ತರಗತಿಯವರೆಗೆ ಓದಿಸಿದಳು. ಹಾಗಾಗಿ ಅಕ್ಷರ ತಂಗಿಗೆ ಬಂತು, ಮಾತು ಅಕ್ಕನ ಹತ್ತಿರ ಉಳಿಯಿತು.

ಚುನಾವಣೆಗೆ ಇನ್ನೂ ಮೂರು ವಾರವಿರುವಾಗ ಚಿಕ್ಕವಳು ಮಧ್ಯಾಹ್ನ ಕಾರ್ಖಾನೆಗೆ ಬಂದಳು. ದೊಡ್ಡವಳು ದಿಮ್ಮಿಯ ಮೇಲೆ ತೊಗಲು ಹಾಸಿ, ಒಳಮೈಗೆ ಅಂಟಿದ್ದ ಕೊಬ್ಬನ್ನು ಹೆರೆಯುತ್ತಿದ್ದಳು.

"ಅಕ್ಕ, ನಾಳೆ ಸಂತೆ ಮೈದಾನದಲ್ಲಿ ಮಾತಾಡ್ಬೇಕಂತೆ. ನನಗೆ ಕೈಕಾಲೇ ಆಡ್ತಿಲ್ಲ. ನೀನು ಹೇಳು, ಬರ್ಕೋತೀನಿ."

ದೊಡ್ಡವಳು ಕತ್ತಿ ನಿಲ್ಲಿಸದೆ ಹೇಳುತ್ತ ಹೋದಳು. ಚಿಕ್ಕವಳು ಬಕೆಟ್ಟು ಬೋರಲು ಹಾಕಿಕೊಂಡು ಕೂತು ಬರೆದುಕೊಂಡಳು. ಎಲ್ಲಿ ದನಿ ಏರಿಸಬೇಕು, ಎಲ್ಲಿ ಉಸಿರು ಹಿಡಿದು ನಿಲ್ಲಬೇಕು, ಕೊನೆಯ ಮಾತಿಗೆ ಮುಂಚೆ ದನಿಯನ್ನು ಹೇಗೆ ಪಿಸುಮಾತಿನವರೆಗೆ ಇಳಿಸಬೇಕು, ಎಲ್ಲವನ್ನೂ ಅಕ್ಕ ಹೇಳಿಕೊಟ್ಟಳು. "ಇಳಿಸಿದ್ರೆ ಜನ ಮುಂದಕ್ಕೆ ಬಾಗ್ತಾರೆ ಕಣೇ. ಬಾಗಿದೋರು ನಿನ್ನೋರು."

ಮಾರನೆಯ ದಿನ ದೊಡ್ಡವಳು ಗುಂಪಿನ ನಡುವೆ ನಿಂತು ಕೇಳಿದಳು. ಚಿಕ್ಕವಳು ಒಂದಕ್ಷರವನ್ನೂ ತಪ್ಪಿಸಲಿಲ್ಲ. ದನಿ ಇಳಿಸಿದಳು, ಮೈದಾನವಿಡೀ ಮುಂದಕ್ಕೆ ಬಾಗಿತು. ಪಕ್ಕದಲ್ಲಿದ್ದ ಮುದುಕನೊಬ್ಬ, "ಎಂಥಾ ಮಾತು! ಎಲ್ಲಿ ಕಲಿತಳೋ ಹುಡುಗಿ," ಎಂದ.

"ಹುಟ್ಟಿನಿಂದಲೇ ಬಂದಿರ್ಬೇಕು ಬಿಡಿ," ಎಂದಳು ದೊಡ್ಡವಳು. ಎಲ್ಲರ ಜೊತೆ ಚಪ್ಪಾಳೆಯನ್ನೂ ತಟ್ಟಿದಳು.

ಚಿಕ್ಕವಳು ಗೆದ್ದಳು. ಕಾರು ಬಂತು, ಮನೆಯೊಳಗೇ ನಲ್ಲಿಯಿರುವ ಮನೆ ಬಂತು. ಬಾಯಿಗೆ ಕೈ ಅಡ್ಡ ಇಡದೆ ನಗುವುದನ್ನು ಕಲಿತಳು. ಮೊದಮೊದಲು ವಾರಕ್ಕೊಮ್ಮೆ ಸಾಲುಮನೆಗೆ ಬರುತ್ತಿದ್ದವಳು ಆಮೇಲೆ ತಿಂಗಳಿಗೊಮ್ಮೆ ಬಂದಳು, ಬಂದರೂ ಕಾರಿನಿಂದ ಒಂದು ಕಾಲು ಮಾತ್ರ ಇಳಿಸುತ್ತಿದ್ದಳು. ಇತ್ತ ಕಾರ್ಖಾನೆಯಲ್ಲಿ ದೊಡ್ಡವಳಿಗೆ ಹೊಸ ಹೆಸರು ಬಿತ್ತು. "ಎಮ್ಮೆಲ್ಲೆ ಅಕ್ಕ ಬಂದ್ರು, ದಾರಿ ಬಿಡ್ರೋ ಬೋಳಿಮಕ್ಕಳಾ!" ಎಂದು ಮೇಸ್ತ್ರಿ ಕೂಗುವನು. ಕೂಗಿ, ಎಲ್ಲಕ್ಕಿಂತ ಭಾರದ, ಹುಳ ಬಿದ್ದ ತೊಗಲುಗಳನ್ನೇ ಅವಳ ದಿಮ್ಮಿಯ ಮೇಲೆ ಎಸೆಯುವನು.

ಎರಡನೆಯ ವರ್ಷ ಸಾಲುಮನೆಯವರು ಒಂದು ಅರ್ಜಿ ಬರೆಸಿದರು. ಕಾರ್ಖಾನೆಯ ಕೊಳಕು ನೀರು ಹೋಗಿ ಸೇರುವ ಗುಂಡಿ ಆಗಾಗ ಕಟ್ಟಿಕೊಳ್ಳುತ್ತಿತ್ತು. ಅದನ್ನು ಬಿಡಿಸಲು ಮನುಷ್ಯರನ್ನೇ ಇಳಿಸುತ್ತಿದ್ದರು. ಇಳಿದವರು ತಲೆ ತಿರುಗಿ ಬೀಳುತ್ತಿದ್ದರು. ಅದಕ್ಕೊಂದು ಯಂತ್ರ ಬೇಕೆಂಬುದೇ ಅರ್ಜಿ. ಅದನ್ನು ದೊಡ್ಡವಳ ಕೈಗೆ ಕೊಟ್ಟವನು ಸಿಳ್ಳೆ. ಬಾಯಲ್ಲಿ ಸದಾ ಸಿಳ್ಳೆ ಹಾಕಿಕೊಂಡೇ ಕೆಲಸ ಮಾಡುತ್ತಿದ್ದುದರಿಂದ ಆ ಹೆಸರು. ಮುಷ್ಕರದ ಅಷ್ಟೂ ದಿನ ಅವಳ ಡ್ರಮ್ಮನ್ನು ಹೊತ್ತು ತಂದಿಟ್ಟವನು ಅವನೇ.

"ನೀನು ಕೊಟ್ರೆ ಆಗುತ್ತೆ ಅಕ್ಕ. ರಕ್ತಸಂಬಂಧ ಅಲ್ವಾ," ಎಂದ.

ರಾಜಧಾನಿಯ ಶಾಸಕರ ಕಚೇರಿಯ ಬಾಗಿಲು ತೆರೆದೇ ಇತ್ತು. ಬಾಗಿಲ ಮೇಲಿನ ಫಲಕದಲ್ಲಿದ್ದದ್ದು ಚಿಕ್ಕವಳ ಹೆಸರು. ಒಳಗೆ ಕುರ್ಚಿಯಲ್ಲಿ ಕೂತವನು ಯಜಮಾನ. ಎದುರಿಗೆ ಮೂವರು ದಪ್ಪ ಗಂಡಸರು. ಚಿಕ್ಕವಳು ಒಳಕೋಣೆಯಿಂದ ಟೀ ತಟ್ಟೆ ಹಿಡಿದುಕೊಂಡು ಬಂದಳು. ಅಕ್ಕನನ್ನು ಕಂಡು ನಿಂತುಬಿಟ್ಟಳು. ಲೋಟಗಳು ಒಂದಕ್ಕೊಂದು ತಾಗಿ ಸದ್ದಾಯಿತು.

"ಓಹೋ, ಬಚ್ಚಲು ಬಾಯಿ!" ಎಂದ ಯಜಮಾನ. "ನಿನ್ನ ತಂಗಿ ಒಳ್ಳೇ ಎಮ್ಮೆಲ್ಲೆ ಕಣೇ. ಟೀಗೆ ಸಕ್ಕರೆ ಎಷ್ಟು ಹಾಕ್ಬೇಕೋ ಅಷ್ಟೇ ಹಾಕ್ತಾಳೆ."

ಮೂವರೂ ನಕ್ಕರು. ಚಿಕ್ಕವಳೂ ನಕ್ಕಳು, ತಡವಾಗಿ. ಅರ್ಜಿಯನ್ನು ಇಸಿದುಕೊಂಡು "ನೋಡ್ತೀನಿ ಅಕ್ಕ" ಎಂದು ಮೆಲ್ಲಗೆ ಹೇಳಿ ತಟ್ಟೆಯ ಅಡಿಗೆ ಸೇರಿಸಿದಳು.

ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತ ದೊಡ್ಡವಳಿಗೆ ತನ್ನ ತುಟಿ ಅರಳಿರುವುದು ಎಷ್ಟೋ ಹೊತ್ತಿನ ಮೇಲೆ ಅರಿವಾಯಿತು. ಒಳಗೊಳಗೇ ಹಿಗ್ಗು. ಟೀ ತರುವವಳು! ಊರು ಹತ್ತಿರವಾಗುತ್ತಿದ್ದಂತೆ ನಾಚಿಕೆಯಾಯಿತು. ತನ್ನ ಕೈಯಾರೆ ಜಡೆ ಹೆಣೆದು ಬೆಳೆಸಿದ ಹುಡುಗಿಯನ್ನು ಆ ಹಲ್ಕಾಗಳು ನಗೆಪಾಟಲು ಮಾಡಿದರೆ ತನಗೆ ಹಿಗ್ಗೇ? ನಾಚಿಕೆಯೇನೋ ಆಯಿತು. ಹಿಗ್ಗು ಮಾತ್ರ ಹೋಗಲಿಲ್ಲ.

ಮುಂದಿನ ಚುನಾವಣೆಯ ಹೊತ್ತಿಗೆ ಗಾಳಿ ತಿರುಗಿತು. ಚಿಕ್ಕವಳ ಭಾಷಣಗಳು ಯಜಮಾನನ ಪಕ್ಷದ ದೊಡ್ಡವರ ಕಿವಿಗೆ ಬಿದ್ದಿದ್ದವು. ಈ ಸಲ ಅವಳನ್ನು ನಿಲ್ಲಿಸಿದ್ದು ಅವರೇ. ಯಜಮಾನನನ್ನು ಒಂದು ಮಾತೂ ಕೇಳಲಿಲ್ಲ. ಮತ್ತೆ ಗೆದ್ದಳು, ಕಾರ್ಮಿಕ ಖಾತೆಯ ಮಂತ್ರಿಯಾದಳು. ಅಭಿನಂದಿಸಲು ಹೋದ ಯಜಮಾನನನ್ನು ಹೊರಗಿನ ಬೆಂಚಿನ ಮೇಲೆ ಎರಡು ಗಂಟೆ ಕೂರಿಸಿದಳಂತೆ. ಸುದ್ದಿ ಬಂದ ದಿನ ಸಾಲುಮನೆಗಳಲ್ಲಿ ಹೆಂಗಸರು ಬಿದ್ದು ಬಿದ್ದು ನಕ್ಕರು. ಸಿಳ್ಳೆಯಂತೂ ಕೆಲಸ ಬಿಡುವ ಹೊತ್ತಿನವರೆಗೂ ಸಿಳ್ಳೆ ನಿಲ್ಲಿಸಲಿಲ್ಲ. ದೊಡ್ಡವಳು ತಲೆಯೆತ್ತದೆ ತೊಗಲು ಹೆರೆದಳು. ಆ ಬೆಂಚಿನ ಮೇಲೆ ಅವನನ್ನು ಕೂರಿಸಬೇಕಾಗಿದ್ದವಳು ತಾನು.

ಎರಡು ಗಂಟೆಯಾದ ಮೇಲೆ ಯಜಮಾನನನ್ನು ಒಳಗೆ ಕರೆದರು. ಒಳಗೆ ಅವರಿಬ್ಬರ ನಡುವೆ ಏನು ಮಾತಾಯಿತೋ, ಯಾರಿಗೂ ಗೊತ್ತಾಗಲಿಲ್ಲ. ಯಂತ್ರ ಬರಲಿಲ್ಲ.

ನಾಲ್ಕು ವರ್ಷ ಕಳೆದವು. ಒಂದು ದಿನ ಮಧ್ಯಾಹ್ನದ ಊಟದ ಗಂಟೆ ಹೊಡೆಯುವ ಮುಂಚೆ ಗುಂಡಿ ಕಟ್ಟಿಕೊಂಡಿತು. "ಇಳೀರೋ ಮುಂಡೇವಾ, ಏನು ನೋಡ್ತಾ ನಿಂತಿದ್ದೀರಿ? ನಿಮ್ಮಪ್ಪ ಬಂದು ಇಳೀತಾನಾ?" ಎಂದು ಮೇಸ್ತ್ರಿ ಕೂಗಾಡಿದ. ಒಬ್ಬ ಇಳಿದ. ಮೇಲೆ ಬರಲಿಲ್ಲ. ಅವನನ್ನು ಎತ್ತಲು ಸಿಳ್ಳೆ ಇಳಿದ. ಅರ್ಧ ಏಣಿ ಇಳಿಯುವವರೆಗೂ ಅವನ ಸಿಳ್ಳೆ ಕೇಳುತ್ತಿತ್ತು, ಆಮೇಲೆ ನಿಂತಿತು. ಇಬ್ಬರನ್ನೂ ಮೇಲೆತ್ತಲು ಹಗ್ಗ ಎಳೆದವರಲ್ಲಿ ದೊಡ್ಡವಳೂ ಇದ್ದಳು.

ಮೂರನೆಯ ದಿನ ಶಾಸನಸಭೆಯಲ್ಲಿ ಪ್ರಶ್ನೆ ಎದ್ದಿತು. ಟೀ ಅಂಗಡಿಯ ಟಿವಿಯಲ್ಲಿ ಅದನ್ನು ನೋಡಲು ಸಾಲುಮನೆಯವರೆಲ್ಲ ನೆರೆದಿದ್ದರು. ಮುಂದಿನ ಬೆಂಚಿನಲ್ಲಿ ಸಿಳ್ಳೆಯ ಹೆಂಡತಿ ಕೂತಿದ್ದಳು. ಮಂತ್ರಿ ಎದ್ದು ನಿಂತಳು, ಕನ್ನಡಕ ಸರಿಪಡಿಸಿಕೊಂಡು ಉತ್ತರ ಓದಿದಳು.

"ಆ ಕಾರ್ಖಾನೆಯಲ್ಲಿ ಯಾರನ್ನೂ ಗುಂಡಿಗೆ ಇಳಿಸುವ ಪದ್ಧತಿ ಇಲ್ಲ. ಮೃತರಿಬ್ಬರೂ ತಾವಾಗಿಯೇ ಅಲ್ಲಿಗೆ ಹೋಗಿದ್ದಾರೆ. ಹೇಳಲು ನೋವಾಗುತ್ತದೆ. ಅವರು..." ಇಲ್ಲಿ ನಿಲ್ಲಿಸಿದಳು. ದನಿ ಇಳಿಸಿದಳು. ಸಭೆ ಮುಂದಕ್ಕೆ ಬಾಗಿತು. "ಕುಡಿದಿದ್ದರು."

ಸಿಳ್ಳೆ ಜನ್ಮದಲ್ಲಿ ಹೆಂಡ ಮುಟ್ಟಿದವನಲ್ಲ. ವಾಸನೆಗೇ ವಾಂತಿ ಮಾಡುತ್ತಿದ್ದ. ಅವನ ಹೆಂಡತಿ ಟಿವಿಯಿಂದ ಕಣ್ಣು ತೆಗೆದು ಹಿಂದಕ್ಕೆ ತಿರುಗಿದಳು.

"ನಿನ್ನ ತಂಗಿ ಚೆನ್ನಾಗಿ ಮಾತಾಡ್ತಾಳೆ ಅಕ್ಕ," ಎಂದಳು.

ಮೂರನೆಯ ಚುನಾವಣೆ ಬಂತು. ಚಿಕ್ಕವಳ ವಿರುದ್ಧ ತಾನೇ ನಿಲ್ಲುವುದಾಗಿ ದೊಡ್ಡವಳು ನಲ್ಲಿಯ ಹತ್ತಿರ ನೀರು ಹಿಡಿಯುವ ಹೆಂಗಸರ ಮುಂದೆ ಹೇಳಿದಳು. ಹೇಳಿ ಎರಡು ದಿನಕ್ಕೆ ಮಂತ್ರಿಯ ಕಾರು ಓಣಿಯ ತುದಿಯಲ್ಲಿ ನಿಂತಿತು. ಚಿಕ್ಕವಳು ಒಬ್ಬಳೇ ನಡೆದು ಬಂದಳು. ಒಳಗೆ ಬಂದವಳು ಕೂರಲು ಜಾಗ ಹುಡುಕಿ, ಕೊನೆಗೆ ಹಾಸಿಗೆಯ ಸುರುಳಿಯ ಮೇಲೆ ಕೂತಳು.

"ಏನಕ್ಕ ಇದು? ಊರೆಲ್ಲ ಆಡ್ಕೊಂಡು ನಗ್ತಿದೆ."

"ನಗ್ಲಿ ಬಿಡು."

"ನಿನಗೇನು ಬೇಕು ಹೇಳು. ಕಾರ್ಮಿಕ ಮಂಡಳಿಯಲ್ಲಿ ಸದಸ್ಯೆ ಮಾಡಿಸ್ತೀನಿ. ಈ ದರಿದ್ರ ಕೆಲಸ ಬಿಡು."

"ನಿನ್ನ ಕುರ್ಚಿ ಬೇಕು."

ಚಿಕ್ಕವಳ ಮುಖ ಕೆಂಪಾಯಿತು. "ಹೊಟ್ಟೆಕಿಚ್ಚು. ಬರೀ ಹೊಟ್ಟೆಕಿಚ್ಚು ನಿನಗೆ. ಅವತ್ತು ಆ ಅಂಗಳದಲ್ಲಿ ನಿಂತಾಗಿನಿಂದ ಉರೀತಾ ಇದ್ದೀಯ. ನನಗೆ ಗೊತ್ತಿಲ್ಲ ಅಂದ್ಕೊಂಡ್ಯಾ?"

"ಹೌದು ಕಣೇ, ಹೊಟ್ಟೆಕಿಚ್ಚೇ. ನೀನು ಕಾರಿಂದ ಇಳಿದಾಗೆಲ್ಲ ಉರಿದಿದ್ದೀನಿ. ನಿನಗೆ ಚಪ್ಪಾಳೆ ಬಿದ್ದಾಗೆಲ್ಲ ಉರಿದಿದ್ದೀನಿ. ಸುಳ್ಳು ಯಾಕೆ ಹೇಳ್ಲಿ?"

"ಸುಖವಾಗಿದ್ದೆ ಅಂದ್ಕೊಂಡ್ಯಾ ನಾನು?" ಚಿಕ್ಕವಳ ದನಿ ಒಡೆಯಿತು. "ಹತ್ತು ವರ್ಷ ಆಯ್ತು. ಬಾಯಿ ಬಿಟ್ರೆ ಸಾಕು, ನಿನ್ನ ದನಿನೇ ಬರುತ್ತೆ. ನನ್ನದು ಅನ್ನೋ ಒಂದು ಮಾತಿಲ್ಲ. ಭಾಷಣ ಮುಗಿಸಿ ಕೂತಾಗೆಲ್ಲ, ಅಲ್ಲಿ ಅಕ್ಕ ನಿಂತಿದ್ರೆ ಇದಕ್ಕಿಂತ ಚೆನ್ನಾಗಿ ಹೇಳ್ತಿದ್ಲು ಅನ್ಸುತ್ತೆ. ಹೊಟ್ಟೆಕಿಚ್ಚು ನಿನ್ನೊಬ್ಬಳ ಸ್ವತ್ತಾ?"

ಏಳು ವರ್ಷದ ಹುಡುಗಿಯಾಗಿದ್ದಾಗ ತಂಗಿ ಹೀಗೆಯೇ ಮೂಗು ಕೆಂಪು ಮಾಡಿಕೊಂಡು ಜಗಳಕ್ಕೆ ಬರುತ್ತಿದ್ದಳು. ಎದ್ದು ಹೋಗಿ ತಲೆ ಸವರಬೇಕೆಂದು ದೊಡ್ಡವಳಿಗೆ ಅನಿಸಿತು. ಏಳಲಿಲ್ಲ.

"ಆ ಇಬ್ಬರು ಕುಡಿದಿದ್ರು ಅಂದ್ಯಲ್ಲ," ಎಂದಳು. "ಅದು ಯಾರ ಮಾತು? ನಾನು ಹೇಳ್ಕೊಟ್ಟಿದ್ದಾ?"

"ನಾನು ಓದದೆ ಇದ್ದಿದ್ರೆ ಇನ್ನೊಬ್ಬ ಓದ್ತಿದ್ದ."

"ಓದ್ಲಿ. ಅವನು ನಿನ್ನಂಗೆ ಸಿಳ್ಳೆ ಕೈಯಿಂದ ಕಡಲೆ ಇಸ್ಕೊಂಡು ತಿಂದೋನಲ್ಲ."

ಚಿಕ್ಕವಳು ಎದ್ದಳು. ಬಾಗಿಲಲ್ಲಿ ನಿಂತು, "ನಿನಗೆ ಡೆಪಾಸಿಟ್ಟೂ ಬರಲ್ಲ ಅಕ್ಕ," ಎಂದು ಹೇಳಿ ಹೊರಟುಹೋದಳು. ಅದನ್ನು ಬೆದರಿಕೆಯಾಗಿ ಹೇಳಿದಳೋ, ಮರುಕದಿಂದ ಹೇಳಿದಳೋ ತಿಳಿಯಲಿಲ್ಲ.

ನಾಮಪತ್ರಕ್ಕೆ ಕೊನೆಯ ದಿನ. ಪಕ್ಷವಿಲ್ಲದ ಅಭ್ಯರ್ಥಿಗೆ ಹೆಸರು ಸೂಚಿಸಿ ಸಹಿ ಇಲ್ಲವೇ ಹೆಬ್ಬೆಟ್ಟು ಹಾಕುವ ಹತ್ತು ಮಂದಿ ಸೂಚಕರು ಬೇಕಿತ್ತು. ಅದಕ್ಕೆಂದು ಬಂದ ಕಾರ್ಮಿಕರಲ್ಲಿ ಕಾರ್ಖಾನೆಯ ಬೇಲಿ ಹಾರಿ ಬಂದವರಿದ್ದರು, ಹೊಟ್ಟೆನೋವೆಂದು ಸುಳ್ಳು ಹೇಳಿ ಬಂದವರಿದ್ದರು. ಕೆಲಸದ ಬಟ್ಟೆಯನ್ನೂ ಬದಲಿಸಿರಲಿಲ್ಲ. ಅವರು ಚುನಾವಣಾ ಕಚೇರಿಯೊಳಗೆ ಕಾಲಿಟ್ಟಾಗ ಚುನಾವಣಾಧಿಕಾರಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡ.

"ಹೊರಗೆ, ಹೊರಗೆ! ಏನು ನಾತ! ಒಬ್ಬೊಬ್ಬರೇ ಬನ್ನಿ. ಮೇಜು ಮುಟ್ಬೇಡಿ."

ಸಿಳ್ಳೆಯ ಹೆಂಡತಿ ಮೊದಲು ಹೋದಳು. ಶಾಯಿಯಲ್ಲಿ ಹೆಬ್ಬೆರಳು ಅದ್ದಿ ಫಾರಮ್ಮಿನ ಮೇಲೆ ಒತ್ತಿದಳು. ಅಧಿಕಾರಿ ಕಾಗದವನ್ನು ಬೆಳಕಿಗೆ ಹಿಡಿದ.

"ಇದೇನಿದು? ಗೆರೆನೇ ಇಲ್ಲ. ಬರೀ ಮಸಿ."

"ಸುಣ್ಣ ತಿಂದ್ಬಿಟ್ಟಿದೆ ಸ್ವಾಮಿ," ಎಂದಳು ಅವಳು. "ಕಾಲಿಗೆ ಬೂಟಿದೆ. ಕೈಗೆ ಏನೂ ಕೊಟ್ಟಿಲ್ಲ."

ಎರಡನೆಯವನು ಒತ್ತಿದ. ಮೂರನೆಯವಳು ಒತ್ತಿದಳು. ಎಲ್ಲವೂ ಹಾಗೇ: ನುಣ್ಣಗಿನ, ಕಪ್ಪು, ಗುರುತಿಲ್ಲದ ಬೊಟ್ಟುಗಳು.

"ಯಾರದ್ದೋ ಏನೋ! ಇದನ್ನ ಹೆಬ್ಬೆಟ್ಟು ಅಂತ ಹೆಂಗೆ ತಗೊಳ್ಲಿ? ನಡೀರಿ. ಮೂರು ಗಂಟೆಗೆ ಮುಚ್ಚುತ್ತೆ."

ಗೋಡೆಯ ಗಡಿಯಾರದಲ್ಲಿ ಇನ್ನೂ ಇಪ್ಪತ್ತು ನಿಮಿಷವಿತ್ತು. "ಇನ್ನೊಂದು ಫಾರಂ ಕೊಡಿ," ಎಂದಳು ದೊಡ್ಡವಳು.

"ಎಷ್ಟು ಕೊಟ್ರೂ ಇಷ್ಟೇ ಕಣಮ್ಮ. ನಿಮ್ಮ ಜನಕ್ಕೆ ಕೈಯೇ ಇಲ್ಲವಲ್ಲ."

"ಕೊಡಿ ಅಂದೆ."

ಕೊಟ್ಟ. ಹತ್ತು ಮಂದಿಯೂ ಒತ್ತಿದರು. ಕಿಟಕಿಯಲ್ಲಿ ನೋಡಿದರೆ, ಪಾಳಿ ಬಿಟ್ಟವರು ಕಾರ್ಖಾನೆಯಿಂದ ನೇರವಾಗಿ ಬರುತ್ತಿದ್ದರು. ಸಾಲು ಕಚೇರಿಯ ಗೇಟನ್ನು ದಾಟಿ ರಸ್ತೆಗೆ ಮುಟ್ಟಿತ್ತು. ಹನ್ನೊಂದನೆಯವನು ಒತ್ತಿದ, ಹನ್ನೆರಡನೆಯವಳು ಒತ್ತಿದಳು. ಫಾರಂ ತುಂಬಿತು. ಹಿಂಬದಿಯೂ ತುಂಬಿತು. ಅಧಿಕಾರಿ ಪೊಲೀಸರಿಗೆ ಫೋನು ಮಾಡಿದ. ದೊಡ್ಡವಳು ಶಾಯಿಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ಮೇಜಿನ ಮೇಲೆ ಹಾಸಿದ್ದ ಬಿಳಿ ಬಟ್ಟೆಯನ್ನು ಸರಿಯಾಗಿ ಹರಡಿದಳು.

"ಇಲ್ಲಿ ಒತ್ತಿ," ಎಂದಳು. "ಬನ್ನಿ, ಮುಂದಿನೋರು."

ಗಡಿಯಾರ ಮೂರು ಹೊಡೆಯಿತು. ಹೊರಗೆ ಜೀಪು ನಿಂತ ಸದ್ದಾಯಿತು. ಮುಂದಿನವಳು ಬಂದು ಒತ್ತಿದಳು.