ಬದಲಿ ಹಾಜರಿ

"ಕಾಲು ಮುರಿದ ಮಾರನೇ ದಿನ ಅರವತ್ತೆರಡು ಕೇಜಿ ಕಾಫಿ ಹಣ್ಣು ಕುಯ್ದಿದ್ದೀಯಲ್ಲೋ ಕುಳ್ಳಯ್ಯ! ಕೈಯಲ್ಲಿ ಕುಯ್ದೆಯೋ, ಮುರಿದ ಕಾಲಲ್ಲೇ ಕುಯ್ದೆಯೋ?"

ಎಸ್ಟೇಟಿನ ಒಡೆಯ ಗೌಡರ ವಕೀಲರು ಹೀಗೆ ಕೇಳಿದಾಗ ಕೋರ್ಟಿನಲ್ಲಿ ಎಲ್ಲರೂ ನಕ್ಕರು. ಕಟಕಟೆಯಲ್ಲಿ ಎರಡೂ ಕಂಕುಳಿಗೆ ಊರುಗೋಲು ಕೊಟ್ಟುಕೊಂಡು ನಿಂತಿದ್ದ ನನಗೂ ಒಂದು ಗಳಿಗೆ ನಗು ಬಂತು. ನನ್ನ ಎಡಗಾಲು ಮಂಡಿಗೇ ಮುಗಿಯುತ್ತದೆ.

"ಕೈಯಾಗೇ ಬುದ್ಧಿ. ಆದ್ರೆ ಕುಯ್ದೋನು ನಾನಲ್ಲ."

"ಮತ್ಯಾರು?"

"ನನ್ ಹೆಂಡ್ರು ದೇವೀರಮ್ಮ. ನನ್ ಬದಲಿ."

ಬದಲಿ ಎಂದರೇನೆಂದು ನಮ್ಮ ಕೂಲಿ ಲೈನಿನ ಕೂಸಿಗೂ ಗೊತ್ತು. ಎಸ್ಟೇಟಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಲೈನಿನಲ್ಲಿ ಒಂದು ಕೋಣೆ. ಹೆಸರು ಹೋದರೆ ಕೋಣೆಯೂ ಹೋಯಿತು. ಅದಕ್ಕೇ ಯಾರಾದರೂ ಹಾಸಿಗೆ ಹಿಡಿದರೆ ಮನೆಯ ಇನ್ನೊಬ್ಬರು ಅವರ ಹೆಸರಿಗೆ "ಬಂದಿದ್ದೀನಿ" ಎನ್ನುತ್ತಾರೆ. ಹೊಸ ಹೆಸರು ಬರೆದು ಹೊಸ ತಾಪತ್ರಯ ಕಟ್ಟಿಕೊಳ್ಳುವುದು ಗೌಡರಿಗೂ ಬೇಡ. ಎರಡು ವರ್ಷದ ಹಿಂದೆ ಸತ್ತ ಜಗದಾಂಬ ಒಂದು ದಿನವೂ ತಪ್ಪದೆ ಕೆಲಸಕ್ಕೆ ಬರುತ್ತಿದ್ದಾಳೆ. ಅವಳ ಹೆಸರಲ್ಲಿ ದುಡಿಯುವವಳು ಸೊಸೆ ಭದ್ರಮ್ಮ.

ನನಗೊಂದು ಹಳೇ ಬೈಕಿತ್ತು. ನಾಲ್ಕು ವರ್ಷ ಮೆಣಸಿನ ಬಳ್ಳಿಯ ಮರ ಹತ್ತಿ ಕೊಂಡದ್ದು. ಲೈಸೆನ್ಸೂ ಮಾಡಿಸಿದ್ದೆ. ಆದರೆ ಗೌಡರ ಜೀಪು ಎದುರಾದರೆ ನಮ್ಮ ಕೇರಿಯವರು ಬೈಕಿನಿಂದ ಇಳಿದು, ಪಕ್ಕಕ್ಕೆ ನಿಂತು, ಜೀಪು ಹೋದ ಮೇಲೆ ಹತ್ತಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮರೆತೂ ಇಲ್ಲ. ತೊಂಬತ್ತೇಳರ ಡಿಸೆಂಬರಿನಲ್ಲಿ ಒಂದು ಸಂಜೆ ಬೆಳಗೋಡಿನಿಂದ ಬರುವಾಗ ತಿರುವಿನಲ್ಲಿ ಜೀಪು ಕಂಡಿತು. ಇಳಿದೆ. ಬೈಕು ಹಿಡಿದು ಚರಂಡಿಯ ಅಂಚಿಗೆ ನಿಂತೆ. ಸಣ್ಣಗೌಡರು, ಅಂದರೆ ಗೌಡರ ಮಗ ಮೋಹನ್, ತಿರುವು ತೆಗೆದುಕೊಂಡದ್ದು ನಾನು ನಿಂತ ಜಾಗದ ಮೇಲೇ. ಇಳಿಯದೆ ಹೋಗಿದ್ದರೆ ಆ ಹೊತ್ತಿಗೆ ತಿರುವು ದಾಟಿರುತ್ತಿದ್ದೆ. ಎರಡು ವರ್ಷದಿಂದ ಇದೊಂದೇ ಲೆಕ್ಕ ಹಾಕುತ್ತಿದ್ದೇನೆ.

ಸಣ್ಣಗೌಡರು ಒಳ್ಳೆಯವರೇ. ಅದೇ ಜೀಪಿನಲ್ಲಿ ನನ್ನನ್ನು ಎತ್ತಿ ಹಾಕಿಕೊಂಡರು. "ಆಸ್ಪತ್ರೆಗೆ ಬೇಡ ಕಣೋ, ಪೊಲೀಸು ಗಿಲೀಸು ಅಂತ ನಿನಗೇ ತಲೆನೋವು" ಎಂದು ಮೂಳೆ ಕಟ್ಟುವವನ ಮನೆಗೆ ಕರೆದೊಯ್ದರು. ಅವನು ಬಿದಿರ ದಬ್ಬೆ ಇಟ್ಟು, ಎಲೆ ಅರೆದು ಕಟ್ಟಿದ. ಇಪ್ಪತ್ಮೂರು ದಿನ ಕಟ್ಟು ಬಿಚ್ಚಲಿಲ್ಲ. ಬಿಚ್ಚಿದಾಗ ವಾಸನೆಗೆ ದೇವೀರಮ್ಮ ಆಚೆ ಓಡಿಹೋದಳು. ಹಾಸನದ ಡಾಕ್ಟರು ಕಾಲು ತೆಗೆದರು.

ಆಸ್ಪತ್ರೆಯ ಚೀಟಿಯಲ್ಲಿ ಇರುವುದು ಆ ಇಪ್ಪತ್ಮೂರನೇ ದಿನದ ತಾರೀಖು. ಅದಕ್ಕೂ ಮೊದಲಿನ ದಿನಗಳಿಗೆ ಇದ್ದ ಕಾಗದ ಎಂದರೆ ಹಾಜರಿ ಪುಸ್ತಕವೊಂದೇ. ಅದರಲ್ಲಿ ನಾನು ದಿನಾ ಕೆಲಸ ಮಾಡಿದ್ದೇನೆ.

ಜೀಪಿನ ಇನ್ಶೂರೆನ್ಸ್ ಮುಗಿದು ಎರಡು ತಿಂಗಳಾಗಿತ್ತಂತೆ. ಇನ್ಶೂರೆನ್ಸ್ ಇಲ್ಲದಿದ್ದರೆ ಪರಿಹಾರವನ್ನು ಗೌಡರೇ ಕೈಯಿಂದ ಕೊಡಬೇಕು, ಅದು ಭಿಕ್ಷೆಯಲ್ಲ, ನಿನ್ನ ಹಕ್ಕು ಎಂದು ನಮ್ಮ ವಕೀಲರು ಹೇಳಿದರು. ಗೌಡರು ಹೇಳಿದ್ದು ಬೇರೆ. ಜೀಪು ತಾಗೇ ಇಲ್ಲ, ಕುಳ್ಳಯ್ಯ ಆಮೇಲೆ ಯಾವತ್ತೋ ಕುಡಿದು ಬೈಕಿನಿಂದ ಬಿದ್ದದ್ದು.

ಅದನ್ನು ಗಟ್ಟಿ ಮಾಡಲು ರೈಟರ್ ನಟರಾಜ್ ಕಟಕಟೆ ಹತ್ತಿದ. ದಿನಾ ನಮ್ಮ ಹಾಜರಿ ಕೂಗುವವನು. ಆ ದಿನಗಳ ಪುಸ್ತಕವನ್ನು ಕೂಸಿನಂತೆ ಎದೆಗವುಚಿಕೊಂಡಿದ್ದ. ಕಾಲು ತೆಗೆದ ಮೇಲಿನ ಪುಸ್ತಕಗಳನ್ನು ತಂದಿರಲಿಲ್ಲ.

"ನಿಮ್ಮ ಎಸ್ಟೇಟಿನಲ್ಲಿ ಬದಲಿ ಪದ್ಧತಿ ಇದೆಯೇ?" ಎಂದು ಗೌಡರ ವಕೀಲರು ಕೇಳಿದರು.

"ಇಲ್ಲ ಸ್ವಾಮಿ. ಯಾರ ಹೆಸರೈತೋ ಅವ್ರೇ ಬರ್ಬೇಕು. ದೇವ್ರಾಣೆ ಮಾಡಿ ಹೇಳ್ತಿದೀನಿ."

ಹಿಂದಿನ ಬೆಂಚಿನಿಂದ ದೇವೀರಮ್ಮ ಎದ್ದಳು. "ಲೇ ನಟರಾಜ! ನಿನ್ ಬಾಯಿಗೆ ಹುಳ ಬೀಳ! ದಿನಾ ಬೆಳಿಗ್ಗೆ ನನ್ ಮುಖ ನೋಡ್ಕಂಡೇ ಅಲ್ವೇನೋ ಕುಳ್ಳಯ್ಯ ಅಂತ ಕೂಗೋದು!"

"ಏಯ್, ಈ ಹೆಂಗಸನ್ನ ಆಚೆ ಹಾಕ್ರಪ್ಪ" ಎಂದರು ಜಡ್ಜ್ ಸಾಹೇಬರು, ತಲೆ ಎತ್ತದೆ. ಆಚೆ ಹಾಕಿದರು. ಬದಲಿ ಇತ್ತೆಂದು ಹೇಳುವ ಬೇರೆ ಸಾಕ್ಷಿ ಇದ್ದರೆ ಮುಂದಿನ ವಾಯಿದೆಗೆ ಕರೆತನ್ನಿ, ಇಲ್ಲದಿದ್ದರೆ ಕೇಸು ಮುಗಿಯಿತು ಎಂದರು.

ಬಸ್‌ಸ್ಟ್ಯಾಂಡಿನಲ್ಲಿ ನಟರಾಜ್ ಸಿಕ್ಕಿದ. ನಮಗಿಂತ ಮೊದಲೇ ಬಂದು ಚಾ ಕುಡಿಯುತ್ತಿದ್ದ.

"ಸಾಕ್ಷಿ ಹುಡುಕ್ತೀಯೇನ್ಲಾ ಕುಂಟ? ಬದಲಿ ಬತ್ತಿದ್ದೆ ಅಂತ ಬಾಯ್ಬಿಟ್ಟೋರ ಕೋಣೆಗೆ ಅವತ್ತೇ ಬೀಗ. ನಿನ್ ಕಾಲಿಗೋಸ್ಕರ ಯಾವ ಬೋಳಿಮಗ ಬೀದಿಗೆ ಬೀಳ್ತಾನೆ?"

ಅವನು ಹೇಳಿದ್ದು ನಿಜವೇ. ನಾನೇ ಆಗಿದ್ದರೂ ಬೀಳುತ್ತಿರಲಿಲ್ಲ. ಮನೆಗೆ ಬಂದು ಯಾರನ್ನೂ ಕೇಳಲಿಲ್ಲ. ದೇವೀರಮ್ಮ ಮಾತ್ರ ಲೈನಿನ ನಲ್ಲಿಯ ಹತ್ತಿರ ಕೊಡ ಇಟ್ಟು, ಕೋರ್ಟಿನಲ್ಲಿ ನಡೆದದ್ದನ್ನೆಲ್ಲ ಹೇಳಿ ಅತ್ತಳು.

"ನಾಳೆ ನೀನು ಹೋಗ್ಬೇಡ" ಎಂದೆ ಅವಳಿಗೆ. "ನಾನೋಗ್ತೀನಿ."

"ತಲೆ ಕೆಟ್ಟೈತಾ?"

"ರೈಟ್ರು ದೇವ್ರಾಣೆ ಮಾಡವ್ರೆ ಕಣಮ್ಮಿ. ಸುಳ್ಳಾಗ್ಬಾರ್ದು."

ಬೆಳಿಗ್ಗೆ ಸ್ಟೋರಿನ ಮುಂದೆ ಸೊಂಟಕ್ಕೆ ಹಣ್ಣಿನ ಚೀಲ ಕಟ್ಟಿಕೊಂಡು ಅವಳ ಜಾಗದಲ್ಲಿ ನಿಂತೆ. ತೋಟದಲ್ಲಿ ಹಣ್ಣು ಕೆಂಪೇರಿ ಉದುರುವ ಹೊತ್ತು. ಒಂದು ದಿನ ತಡವಾದರೂ ಗೌಡರಿಗೆ ನಿದ್ದೆ ಬರುವುದಿಲ್ಲ.

"ಕುಳ್ಳಯ್ಯ."

"ಬಂದಿದ್ದೀನಿ."

ನಟರಾಜ್ ತಲೆ ಎತ್ತಿದ. "ಏನ್ಲಾ ಇದು ನಾಟ್ಕ?"

"ಯಾರ ಹೆಸರೈತೋ ಅವ್ರೇ ಬರ್ಬೇಕು ಅಂದ್ರಲ್ಲ ರೈಟ್ರೇ. ಬಂದೆ. ಯಾವ ಕಡೀಗೆ ಹೋಗ್ಲಿ, ಹೇಳಿ."

"ಸಾಯಿ ಅತ್ಲಾಗೆ" ಎಂದು ಗೊಣಗಿ ಅವನು ಮುಂದಿನ ಹೆಸರು ಕೂಗಿದ. "ಜಗದಾಂಬ."

ಅವನು ಭದ್ರಮ್ಮನ ಮುಖವನ್ನೇ ನೋಡಿ ಇನ್ನೊಮ್ಮೆ ಕೂಗಿದ.

"ಅತ್ತೆ ಸತ್ತೋಗ್ಬುಟ್ಳಲ್ಲ ರೈಟ್ರೇ" ಎಂದಳು ಭದ್ರಮ್ಮ. "ಮಣ್ಣು ಮಾಡಕ್ಕೆ ನೀವೂ ಬಂದಿದ್ರಿ." ಸೊಂಟದ ಚೀಲ ಬಿಚ್ಚಿ ಅವನ ಕಾಲ ಬಳಿ ಹಾಕಿದಳು. "ಬದಲಿ ಇಲ್ಲ ಅಂದ್ಮೇಲೆ ನಂಗೆ ಇಲ್ಲೇನು ಕೆಲ್ಸ? ಕೋರ್ಟ್‌ಗೋಗಿ ಇದೇ ಮಾತು ಹೇಳ್ತೀನಿ. ಹಾಕ್ಕೋ ಬೀಗ."

ಅವಳಿಗೆ ಎರಡು ಕೂಸುಗಳಿದ್ದವು.

"ಸಿದ್ದಯ್ಯ" ಎಂದ ನಟರಾಜ್. ದನಿ ಇಳಿದಿತ್ತು.

"ಲಕ್ವ ಹೊಡೆದು ಮಲಗವ್ನೆ" ಎಂದಳು ಅವನ ಹೆಂಡತಿ ಗಂಗಾಮಣಿ. ಎರಡನೇ ಚೀಲ ಬಿತ್ತು. ಆಮೇಲೆ ಅವನು ಹೆಸರು ಕೂಗಲೇ ಇಲ್ಲ. ಚೀಲಗಳು ಮಾತ್ರ ಬೀಳುತ್ತಾ ಹೋದವು. ನಮ್ಮಲ್ಲಿ ಇಷ್ಟು ಜನ ಬದಲಿಗಳಿದ್ದಾರೆಂದು ನನಗೂ ಗೊತ್ತಿರಲಿಲ್ಲ.

ಅಷ್ಟರಲ್ಲಿ ಬಂಗಲೆಯ ಕಡೆಯಿಂದ ಜೀಪು ಬಂತು. ಅದೇ ಜೀಪು, ಅದೇ ಸಣ್ಣಗೌಡರು. ಸ್ಟೋರಿಗೆ ಹೋಗುವ ದಾರಿಯ ನಡುವೆ ನಾನು ನಿಂತಿದ್ದೆ. ಅವರು ಹಾರನ್ ಹೊಡೆದರು. ಹಿಂದೆ ನಿಂತವರು ನನ್ನನ್ನೇ ನೋಡುತ್ತಿದ್ದರು.

ಇನ್ನೊಮ್ಮೆ ಹಾರನ್ ಹೊಡೆದರು. ಇಳಿಯಲು ನನ್ನ ಹತ್ತಿರ ಈಗ ಬೈಕಿರಲಿಲ್ಲ. ಊರುಗೋಲುಗಳನ್ನು ಮಣ್ಣಿಗೆ ಗಟ್ಟಿಯಾಗಿ ಊರಿ ಅಲ್ಲೇ ನಿಂತೆ.