ಕುಂದಾತಾಯಿಯ ಉಡಿ

ದಹಿಸರ್ ನಾಕಾ ಎಂಬ ಕೂಡುರಸ್ತೆಯಲ್ಲಿ ಬೆಳಿಗ್ಗೆ ಕೂಲಿಗಾಗಿ ನಿಲ್ಲುವ ನಮ್ಮ ಹೆಂಗಸರು ನೀರು ಕುಡಿಯುವುದಿಲ್ಲ. ಕುಡಿದರೆ ಹೋಗುವುದೆಲ್ಲಿಗೆ? ಗಂಡಸರಿಗಾದರೆ ಊರತುಂಬ ಗೋಡೆಗಳಿವೆ. ಹೀಗೆ ಬಾಯಿ ಕಟ್ಟಿಕೊಂಡೇ ಅವರಲ್ಲೊಬ್ಬಳಾದ ಹನುಮವ್ವನಿಗೆ ಉರಿಮೂತ್ರ ಹತ್ತಿ, ಜ್ವರ ಏರಿ, ಪರೇಲಿನ ಆಸ್ಪತ್ರೆ ಸೇರಬೇಕಾಯಿತು. ಇನ್ನೊಮ್ಮೆ ಹೀಗಾದರೆ ಕಿಡ್ನಿ ಉಳಿಯುವುದಿಲ್ಲ, ನೀರು ಚೆನ್ನಾಗಿ ಕುಡಿಯಿರಿ ಎಂದು ಡಾಕ್ಟರು ಹೇಳಿ ಕಳಿಸಿದರು. ಹೇಳಲು ಅವರಿಗೇನು ಕಷ್ಟ!

ನಾನು ಶಿವಕುಮಾರಿ, ಈ ಹೆಂಗಸರ ಕೆಂಬಾವುಟದ ಯೂನಿಯನ್ನಿನವಳು. ಓಡಾಡಿ ಓಡಾಡಿ ಚಪ್ಪಲಿ ಸವೆದ ಮೇಲೆ ಶೌಚಾಲಯ ಕಟ್ಟಲು ಪಾಲಿಕೆ ಒಪ್ಪಿತು. ಆದರೆ ನಾಕಾದಲ್ಲಿ ನೀರು, ಗಟಾರ ಎರಡೂ ಸಿಗುವ ಮೂಲೆ ಒಂದೇ. ಅಲ್ಲಿ ಕುಂದಾತಾಯಿಯ ಪಕ್ಷದ ಧ್ವಜಕಟ್ಟೆ ಕೂತಿತ್ತು. ಗಡಿಯ ಗಲಾಟೆ ಎದ್ದಾಗಲೆಲ್ಲ ಕನ್ನಡ ಬೋರ್ಡಿಗೆ ಡಾಂಬರು ಬಳಿಯುವ ಮರಾಠಿ ಪಕ್ಷ ಅದು. ಕುಂದಾತಾಯಿ ವಾರ್ಡಿನಲ್ಲಿ ಅದರ ಮುಖಂಡೆ. ಅವರ ಮುಂದೆ ಕೈ ಮುಗಿಯುವುದಕ್ಕಿಂತ ಮೋರ್ಚಾ ಒಯ್ಯೋಣ ಎಂದೆ. ಹನುಮವ್ವ ಒಪ್ಪಲಿಲ್ಲ.

"ಬೀದ್ಯಾಗ ನಿಂತು ಬೈಯೂದು ಇದ್ದೇ ಐತಿ. ಮೊದಲ ಮನೀಗಿ ಕರಿ."

ಕರೆದೆ. ಪಾಲಿಕೆಯ ಚುನಾವಣೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಲೇ ಇತ್ತು; ನಮ್ಮ ಹೆಂಗಸರಿರುವ ಚಾಳಿನ ವೋಟು ಯಾರಿಗೆ ಬೇಡ? ಪೋಸ್ಟರಿನಲ್ಲಿದ್ದಂತೆಯೇ ಹಣೆಗೆ ದೊಡ್ಡ ಬೊಟ್ಟು ಇಟ್ಟುಕೊಂಡು, ಕಾರ್ಯಕರ್ತ ಸಂತುವನ್ನು ಕರೆದುಕೊಂಡು ಕುಂದಾತಾಯಿ ಬಂದರು.

ಹನುಮವ್ವನ ಖೋಲಿಯಲ್ಲಿ ಚಾಪೆಯ ಮೇಲೆ ಕೂತವರೇ, ಕಟ್ಟೆ ಕದಲಿಸಿದರೆ ತಮ್ಮವರೇ ತಮ್ಮನ್ನು ಹರಿದು ತಿನ್ನುತ್ತಾರೆ ಎಂದು ಹಿಂದಿಯಲ್ಲಿ ಹೇಳಿದರು. ನಾನು ಡಾಂಬರಿನ ಮಾತು ತೆಗೆದೆ. ಅವರು, ಯೂನಿಯನ್ನು ನಂಬಿ ತಮ್ಮಪ್ಪ ಪರೇಲಿನ ಮಿಲ್ಲಿನ ಕೆಲಸ ಕಳೆದುಕೊಂಡಿದ್ದನ್ನು ತೆಗೆದರು. ಹಾವು ಮುಂಗುಸಿ ಒಂದೇ ಚಾಪೆಯ ಮೇಲೆ ಕೂತಂತಾಯಿತು. ಕೊನೆಗೆ, ಇದು ಆಗದ ಮಾತು ಎಂದು ಅವರು ಎದ್ದೇ ಬಿಟ್ಟರು.

ಹನುಮವ್ವ ತಡೆದಳು. ಮೊದಲ ಸಲ ಮನೆಗೆ ಬಂದ ಹೆಣ್ಣುಮಗಳು ಬರಿ ಉಡಿಯಲ್ಲಿ ಹೋಗಬಾರದು ಎಂಬುದು ನಮ್ಮ ಕಡೆಯ ಪದ್ಧತಿ, ಮರಾಠಿಯವರಲ್ಲೂ ಇದೆ. ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟ ತಾಟು ತಂದು ಅವಳು ಕುಂಕುಮದ ಬೆರಳು ಚಾಚಿದಳು. ಕುಂದಾತಾಯಿ ಹಿಂದೆ ಸರಿದರು. ತಾಯಿಯವರ ಯಜಮಾನರು ತೀರಿಕೊಂಡಿದ್ದಾರೆ ಎಂದು ಸಂತು ಮೆಲ್ಲಗೆ ಹೇಳಿದ.

ಗಂಡ ಸತ್ತವಳಿಗೆ ಉಡಿ ತುಂಬುವುದಿಲ್ಲ. ಬೊಟ್ಟು ನೋಡಿ ಹನುಮವ್ವ ತಪ್ಪು ತಿಳಿದಿದ್ದಳು. ಅವಳು ಒಂದು ಗಳಿಗೆ ತಾಟು ನೋಡಿದಳು, ಅವರ ಮುಖ ನೋಡಿದಳು.

"ಗಂಡ ಹೋದರ ಉಡಿನೂ ಹೋಕ್ಕೈತೇನು? ಮನೀಗಿ ಬಂದ ಮಗಳು ಮಗಳ. ಸೆರಗ ಒಡ್ಡವ್ವ."

ಕುಂದಾತಾಯಿಗೆ ಕನ್ನಡ ಬರುವುದಿಲ್ಲ. ಆದರೂ ಸೆರಗು ಒಡ್ಡಿದರು. ಹನುಮವ್ವ ಅವರ ಹಣೆಗೆ ಕುಂಕುಮ ಹಚ್ಚಿ ಉಡಿ ತುಂಬಿದಳು. ಪ್ರತಿ ಸಂಕ್ರಾಂತಿಗೆ ಕುಂದಾತಾಯಿ ಪಕ್ಷದ ವೇದಿಕೆಯಲ್ಲಿ ಸಾವಿರಾರು ಹೆಂಗಸರಿಗೆ ಅರಿಷಿಣ ಕುಂಕುಮದ ಸಮಾರಂಭ ಮಾಡಿಸುತ್ತಾರಂತೆ. ಅವರ ಹಣೆ ಮುಟ್ಟಲು ಮಾತ್ರ ಒಬ್ಬಳೂ ಮುಂದೆ ಬರುವುದಿಲ್ಲವಂತೆ. ಇಂಥ ಆಚಾರಗಳನ್ನು ಸಭೆಯಲ್ಲಿ ಬೈಯುವವಳು ನಾನು. ಅವತ್ತು ನನಗೂ ಅಳು ಬಂತು.

ತುಂಬಿದ ಉಡಿ ಹಿಡಿದು ಅವರು ಮತ್ತೆ ಕೂತರು. ಹನುಮವ್ವ ನೀರು ಕೊಟ್ಟಳು. ಅವರು ತುಟಿಗೆ ತಾಗಿಸಿ ಕೆಳಗಿಟ್ಟರು. ಇನ್ನೂ ವಾರ್ಡು ತಿರುಗಬೇಕು, ಸುತ್ತ ಬರೀ ಗಂಡಸರು, ನಡುವೆ ಎಲ್ಲಿಗೆ ಹೋಗುತ್ತೇನೆಂದು ಹೇಳಲಿ ಎಂದರು. ಅದನ್ನು ನಾನು ಕನ್ನಡದಲ್ಲಿ ಹೇಳಿದಾಗ ಹನುಮವ್ವ ನಕ್ಕಳು.

"ಹಂಗಾರ ಈಕೀನೂ ನಾಕಾದಾಕಿನ."

ನಾನು ಅದನ್ನು ಹಿಂದಿಗೆ ತಿರುಗಿಸಿದೆ. ಕುಂದಾತಾಯಿ ನಗಲಿಲ್ಲ. ಕಟ್ಟೆ ಸರಿಸುತ್ತೇನೆ, ಆದರೆ ಬಾವುಟ ಅಲ್ಲೇ ಪಕ್ಕದಲ್ಲಿ ಹಾರುತ್ತದೆ ಎಂದರು. ಹಾರಲಿ, ಆದರೆ ನನ್ನ ವೋಟು ನಿಮಗಿಲ್ಲ ಎಂದೆ. ಅದು ಅವರಿಗೆ ಮೊದಲೇ ಗೊತ್ತಿತ್ತು.

ಪಕ್ಷದವರು ಅವರನ್ನು ಬಾಯಿಗೆ ಬಂದಂತೆ ಬೈದರಂತೆ. ಕಟ್ಟೆಯಂತೂ ಸರಿಯಿತು, ಶೌಚಾಲಯ ಎದ್ದಿತು.

ಕಡೆಗೂ ಚುನಾವಣೆ ಬಂತು. ಉರಿಬಿಸಿಲಲ್ಲಿ ಅವರ ಮೆರವಣಿಗೆ, ನಮ್ಮದು ನಾಕಾದಲ್ಲಿ ಎದುರಾದವು. ಕುಂದಾತಾಯಿ ಕೈಯಲ್ಲಿದ್ದ ಬಾವುಟವನ್ನು ಸಂತುವಿಗೆ ಕೊಟ್ಟು, ಎಲ್ಲರೆದುರೇ ಶೌಚಾಲಯಕ್ಕೆ ಹೋಗಿ ಬಂದರು. ಕೂಲಿಗೆ ನಿಂತಿದ್ದ ಹನುಮವ್ವ ತನ್ನ ಬಾಟಲಿ ಚಾಚಿದಳು. ಅವರು ತಲೆಯೆತ್ತಿ ಗಟಗಟ ಕುಡಿದರು.

ಕುಡಿದು ಮುಗಿಸುವ ತನಕ ಘೋಷಣೆ ಬೇಡ ಎಂದು ನಮ್ಮವರಿಗೆ ಕೈಸನ್ನೆ ಮಾಡಿದೆ. ಆಮೇಲೆ ಅವರ ವಿರುದ್ಧ ಮತ್ತೆ ಕೂಗಿದೆವು.